ನೂರ ಇಪ್ಪತ್ತೇಳನೆಯ ಪುಸ್ತಕ

ಪುರಸಭೆಯನ್ನು ಮುಚ್ಚುವ ಆದೇಶ ಬಂದ ದಿನ ಕಚೇರಿಯಲ್ಲಿ ಎಲ್ಲರ ಮುಖವೂ ಸಪ್ಪಗಾಗಿತ್ತು. ಬೀಗದಮ್ಮ ಮಾತ್ರ ದಾಖಲೆ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅಂಗೈಯನ್ನು ಬಾಯಿಗೊತ್ತಿಕೊಂಡು ನಕ್ಕಳು. ನೂರ ಹತ್ತು ವರ್ಷದ ಕಚೇರಿಗೂ ಐವತ್ತೆಂಟು ವರ್ಷದ ಅವಳಿಗೂ ಒಂದೇ ತಿಂಗಳ ಕೊನೆಯ ದಿನ ನಿವೃತ್ತಿ. ಊರು ಮಹಾನಗರಕ್ಕೆ ಸೇರುತ್ತಿತ್ತು, ದಾಖಲೆಗಳು ಪ್ರಾಂತ್ಯ ಕಚೇರಿಗೆ ಹೋಗುತ್ತಿದ್ದವು. ಪ್ರಾಂತ್ಯದವರು ಬಂದು ಎಣಿಸಿ, ಸಹಿ ಹಾಕಿ, ಬೀಗದ ಕೈ ತೆಗೆದುಕೊಂಡರೆ ಅವಳು ಗಂಡನ ಊರಿಗೆ ಬಸ್ಸು ಹತ್ತಬಹುದಿತ್ತು.

ಅವಳಿಗೆ ಆ ಹೆಸರು ಬಂದದ್ದು ಕೊರಳಿನ ದಾರದಲ್ಲಿ ಸದಾ ತೂಗುತ್ತಿದ್ದ ಆ ಹಿತ್ತಾಳೆಯ ಬೀಗದ ಕೈಯಿಂದಲೇ. ದಾಖಲೆ ಕೋಣೆಯ ಕೈಯನ್ನು ವಹಿಸಿಕೊಳ್ಳುವವರಿಗಲ್ಲದೆ ಬೇರೆ ಯಾರಿಗೂ ಕೊಡಕೂಡದೆಂಬುದು ನಿಯಮ. ವಹಿಸಿಕೊಳ್ಳುವವರು ಪಟ್ಟಿಯಲ್ಲಿರುವ ಮುನ್ನೂರ ನಲವತ್ತು ಪುಸ್ತಕಗಳನ್ನೂ ಎಣಿಸಿ ಸಹಿ ಹಾಕಬೇಕು. ಕಪಾಟುಗಳಲ್ಲಿ ಇದ್ದದ್ದು ಮುನ್ನೂರ ಮೂವತ್ತೊಂಬತ್ತು. ಬೀಗದಮ್ಮನ ಬದುಕು ಸಿಕ್ಕಿಬಿದ್ದದ್ದು ಆ ಒಂದು ಪುಸ್ತಕದಲ್ಲಿ.

ಅದು ನೂರ ಇಪ್ಪತ್ತೇಳನೆಯದು. ಅರವತ್ತೊಂದು ವರ್ಷಗಳ ಹಿಂದೆ ಸದಸ್ಯರೆಲ್ಲ ಸಂತೆಯ ಜಾಗದ ವಿಷಯಕ್ಕೆ ಕಿತ್ತಾಡಿ, ಸಭೆಯಲ್ಲಿ ಕುರ್ಚಿ ಎಸೆದಾಡಿದ್ದರಂತೆ. ಸರಕಾರ ಪುರಸಭೆಯನ್ನು ವಿಸರ್ಜಿಸಿ ಹದಿನಾಲ್ಕು ತಿಂಗಳು ಊರನ್ನು ಪ್ರಾಂತ್ಯ ಕಚೇರಿಯ ಕೈಗೆ ಕೊಟ್ಟಿತ್ತು. ಹೊರಗಿನ ಬೋರ್ಡು ಬದಲಾಯಿತು, ಒಳಗಿನ ಮೇಜುಗಳು ಅಲ್ಲೇ ಉಳಿದವು. ಆಮೇಲೆ ಚುನಾವಣೆ ನಡೆದು ಪುರಸಭೆ ಮತ್ತೆ ಬಂತು, ಬೋರ್ಡಿಗೆ ಮತ್ತೆ ಬಣ್ಣ ಹೊಡೆದರು. ಆ ಹದಿನಾಲ್ಕು ತಿಂಗಳ ಜನನ ಮರಣದ ಪುಸ್ತಕವೇ ನೂರ ಇಪ್ಪತ್ತೇಳು. ಪಟ್ಟಿಯಲ್ಲಿ ಅದರ ಮುಂದೆ ಕಪ್ಪು ಶಾಯಿಯಲ್ಲಿ "ಇದೆ" ಎಂದು ಬರೆದಿತ್ತು.

ಮೂವತ್ತು ವರ್ಷಗಳ ಹಿಂದೆ ಬೀಗದಮ್ಮ ಕೆಲಸಕ್ಕೆ ಸೇರಿದಾಗ, ನಿವೃತ್ತಿಯಾಗುತ್ತಿದ್ದ ಹಿರಿಯ ಗುಮಾಸ್ತರು, "ಅದೊಂದು ರಟ್ಟು ಕಟ್ಟೋಕೆ ಪ್ರಾಂತ್ಯ ಕಚೇರಿಗೆ ಹೋಗಿದೆ, ಬರುತ್ತೆ," ಎಂದಿದ್ದರು. ಮನೆಯಲ್ಲಿ ಒಂದು ವರ್ಷದ ಮಗಳಿಗೆ ಜ್ವರ. ಬೀಗದಮ್ಮ ಹಿಂದುಮುಂದು ನೋಡದೆ ಅವರ "ಇದೆ"ಯ ಪಕ್ಕ ತನ್ನದೊಂದು "ಇದೆ" ಬರೆದು ಸಹಿ ಹಾಕಿದಳು.

ಹನ್ನೊಂದು ವರ್ಷ ಕಳೆಯಿತು. ವಿದ್ಯುತ್ ಇಲಾಖೆಯಲ್ಲಿದ್ದ ಗಂಡನಿಗೆ ಆರು ತಾಸು ದೂರದ ಬಂದರು ಊರಿಗೆ ವರ್ಗವಾಯಿತು. ಅವಳೂ ವರ್ಗ ಕೇಳಿದಳು, ಮಂಜೂರೂ ಆಯಿತು. ಅವಳ ಜಾಗಕ್ಕೆ ಬಂದ ಗುಮಾಸ್ತ ಎರಡು ದಿನ ಎಣಿಸಿ, ಮೂರನೆಯ ದಿನ ಒಂದು ಕಡಿಮೆ ಎಂದು ಕಂಡುಹಿಡಿದು, "ನಂಗ್ಯಾಕಮ್ಮಾ ಈ ಉಸಾಬರಿ?" ಎಂದು ಕೈಮುಗಿದು ಹೋದ. ಎರಡನೆಯವನು ಬಂದ, ಅವನೂ ಹೋದ. ಮೂರನೆಯವಳು ಬಾಗಿಲಲ್ಲೇ ನಿಂತು ವಿಷಯ ಕೇಳಿಕೊಂಡು ಹೊಸ್ತಿಲು ಸಹ ದಾಟಲಿಲ್ಲ. ವರ್ಗದ ಆದೇಶ ಹಳತಾಗಿ ರದ್ದಾಯಿತು. ಮಗಳ ಓದಿಗೆ ಬಂದರು ಊರೇ ಒಳ್ಳೆಯದೆಂದು ಗಂಡ ಮಗುವನ್ನೂ ಕರೆದುಕೊಂಡು ಹೋದ. ಇನ್ನೊಂದಾರು ತಿಂಗಳು ಅಂದುಕೊಂಡದ್ದು ಹತ್ತೊಂಬತ್ತು ವರ್ಷವಾಯಿತು. ಮಗಳು ದೊಡ್ಡವಳಾದದ್ದು, ಓದು ಮುಗಿಸಿದ್ದು, ಮದುವೆಯಾದದ್ದು ಎಲ್ಲವನ್ನೂ ಬೀಗದಮ್ಮ ಮೂರು ಮೂರು ದಿನದ ರಜೆಗಳಲ್ಲಿ ಹೋಗಿ ನೋಡಿಕೊಂಡು ಬಂದಳು. ಬೀಗದ ಕೈ ವಹಿಸಿಕೊಳ್ಳುವವರಿಲ್ಲದೆ ಅದಕ್ಕಿಂತ ಹೆಚ್ಚು ರಜೆ ಸಿಗುತ್ತಿರಲಿಲ್ಲ.

ಪುಸ್ತಕ ಕಳಿಸಿಕೊಡಿ ಎಂದು ಪ್ರಾಂತ್ಯ ಕಚೇರಿಗೆ ಬರೆದ ಪತ್ರಗಳು ಒಂಬತ್ತು. ಒಂಬತ್ತಕ್ಕೂ ಬಂದ ಉತ್ತರ ಒಂದೇ: "ಪರಿಶೀಲನೆಯಲ್ಲಿದೆ."

ಆದೇಶ ಬಂದ ಮರುವಾರ ಗಾರೆಯವನು ಬಂದ. ಅರವತ್ತು ದಾಟಿದ ಮನುಷ್ಯ, ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಸಿಮೆಂಟು. ಹನ್ನೊಂದು ವರ್ಷದಿಂದ ವರ್ಷಕ್ಕೊಮ್ಮೆ ತಲೆಗೂದಲು ಕತ್ತರಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದ. ಅವನು ಹುಟ್ಟಿದ್ದು ಆ ಹದಿನಾಲ್ಕು ತಿಂಗಳಲ್ಲಿ. ಅವನ ಮಗಳು ಸಮುದ್ರದಾಚೆ ಇದ್ದಳು, ಇಬ್ಬರು ಮೊಮ್ಮಕ್ಕಳು. ಪಾಸ್‌ಪೋರ್ಟಿಗೆ ಜನನದ ದಾಖಲೆ ಬೇಕಿತ್ತು.

"ಅಕ್ಕಾ, ಕಚೇರಿ ಮುಚ್ತಾರಂತೆ. ಈ ಸಲ ಏನಾದ್ರೂ ಆಗುತ್ತಾ?"

"ಪುಸ್ತಕ ಬಂದಿಲ್ಲಪ್ಪಾ."

"ಒಂದು ಮಾತು ಕೇಳ್ಲಾ? ಪಾಸ್‌ಪೋರ್ಟಿನವ್ರು ಹೇಳಿದ್ರು, ಪುಸ್ತಕವೇ ಇಲ್ಲ ಅಂತ ಒಂದು ಸಾಲು ಬರೆಸ್ಕೊಂಡು ಬಾ, ಆಗ ಕೋರ್ಟಲ್ಲಿ ಇಬ್ರು ಸಾಕ್ಷಿ ಸಾಕು ಅಂತ. ನೀವು ಪ್ರತಿ ಸಲ ಪುಸ್ತಕ ರಟ್ಟು ಕಟ್ಟೋಕೆ ಹೋಗಿದೆ ಅಂತ ಬರೀತೀರಲ್ಲ, ಅದನ್ನ ನೋಡಿ, ಇರೋ ಪುಸ್ತಕ ಬಿಟ್ಟು ಸಾಕ್ಷಿ ಯಾಕೆ, ಕಾಯಿ ಅಂತಾರೆ."

ಬೀಗದಮ್ಮನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಹನ್ನೊಂದು ವರ್ಷ ಅವನನ್ನು ಕೂಡಿಹಾಕಿದ್ದ ಆ ಸಾಲು ಅವಳದೇ ಕೈಬರಹ.

ಮರುದಿನ ಮಧ್ಯಾಹ್ನ ಅವಳು ಹಿರಿಯ ಗುಮಾಸ್ತರ ಮನೆಗೆ ಹೋದಳು. ಎಂಬತ್ತೆಂಟು ವರ್ಷ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಜಗಲಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಅವಳನ್ನು ಕಂಡದ್ದೇ ಕೊರಳ ಕಡೆ ನೋಡಿ, "ಇನ್ನೂ ಕಳಚಿಲ್ವಾ ಅದು?" ಎಂದರು.

"ಸಾರ್, ನಿಜ ಹೇಳಿ. ನೂರಿಪ್ಪತ್ತೇಳು ಎಲ್ಲಿಗೆ ಹೋಯ್ತು?"

ಎರಡು ಸಲ ಕೇಳಿಸಿಕೊಂಡರು. ಮೊದಲನೆಯ ಸಲವೇ ಕೇಳಿಸಿತ್ತೆಂದು ಅವಳಿಗೆ ಗೊತ್ತಾಯಿತು.

"ಮಗೂ, ಇದ್ದಿದ್ರೆ ತಾನೇ ಹೋಗೋದು?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

"ಆ ಹದಿನಾಲ್ಕು ತಿಂಗಳು ಯಾರೂ ಬರೀಲೇ ಇಲ್ಲ," ಎಂದರು ಮುದುಕರು. "ಪುರಸಭೆಯವ್ರು ಪ್ರಾಂತ್ಯದವ್ರು ಬರೀಲಿ ಅಂದ್ರು, ಪ್ರಾಂತ್ಯದವ್ರು ಊರಿನವ್ರು ಬರೀಲಿ ಅಂದ್ರು. ಹೆರಿಗೆಯಾಗ್ತಾ ಇತ್ತು, ಹೆಣ ಸುಡ್ತಾ ಇದ್ರು, ಪುಸ್ತಕ ಇರ್ಲಿಲ್ಲ. ಚೀಟಿಗಳು ಬರ್ತಿದ್ವು, ಒಂದು ಡಬ್ಬದಲ್ಲಿ ಹಾಕಿಡ್ತಿದ್ರು. ಅದಕ್ಕೆ ಗೆದ್ದಲು ಹಿಡೀತು. ನಾನು ವಹಿಸ್ಕೊಳ್ಳೋಕೆ ಬಂದಾಗ ನನಗೆ ಇಪ್ಪತ್ತೆಂಟು ವರ್ಷ. ಕೆಲಸ ಸಿಕ್ಕಿದೆ ಅಂತ ಹೆಣ್ಣು ಕೊಟ್ಟಿದ್ರು, ಮುಂದಿನ ವಾರ ಮದುವೆ. ಪ್ರಾಂತ್ಯದ ದೊಡ್ಡವ್ರು, ಸಹಿ ಹಾಕಪ್ಪಾ, ಸೋಮವಾರ ಬರೆಸಿ ಕಳಿಸ್ತೀವಿ ಅಂದ್ರು. ಹಾಕ್ದೆ. ಆ ಸೋಮವಾರ ಇನ್ನೂ ಬಂದಿಲ್ಲ."

"ನನಗಾದ್ರೂ ಹೇಳಬಹುದಿತ್ತಲ್ಲ ಸಾರ್!" ಅವಳ ದನಿ ಏರಿತು. "ಹತ್ತೊಂಬತ್ತು ವರ್ಷ ನನ್ನ ಸಂಸಾರ ಎರಡು ಊರಲ್ಲಿ. ಮಗಳಿಗೆ ಜಡೆ ಹಾಕಿದ್ದು ಯಾರು ಅಂತ ಕೇಳಿ. ಅವರಪ್ಪ!"

"ಹೇಳಿದ್ರೆ ನೀನು ಸಹಿ ಹಾಕ್ತಿದ್ದೆಯಾ? ಹಾಕ್ತಿರ್ಲಿಲ್ಲ. ನಾನು ಒಳಗೇ ಉಳೀತಿದ್ದೆ." ಅವರು ಕಾಲು ಮಡಿಸಿಕೊಂಡರು. "ತಪ್ಪಾಯ್ತು ಅಂತ ಈಗ ಹೇಳಿ ಏನು ಪ್ರಯೋಜನ. ಆದ್ರೂ ಹೇಳ್ತೀನಿ. ತಪ್ಪಾಯ್ತು. ಈಗ ಬರೋರ ಹತ್ರ ಸಹಿ ಹಾಕಿಸ್ಕೊಂಡು ಹೊರಟುಹೋಗು ಮಗೂ. ನಾನು ಹೋದ ಹಾಗೆ."

ಸಂಜೆ ಗಂಡನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅವನದೂ ಅದೇ ಮಾತು.

"ಹಾವು ಸಾಯೋದು ಬೇಡ, ಕೋಲು ಮುರಿಯೋದೂ ಬೇಡ. ಒಂದು ಸಹಿ ಕಣೇ. ಅರವತ್ತು ವರ್ಷದಿಂದ ಇಲ್ಲದ ಪುಸ್ತಕ ಇನ್ನರವತ್ತು ವರ್ಷ ಇಲ್ದೆ ಇದ್ರೆ ಯಾರ ಗಂಟು ಹೋಗುತ್ತೆ?"

"ಇಲ್ಲ ಅಂತ ಬರೆದ್ರೆ ವಿಚಾರಣೆ ಆಗುತ್ತೆ ರೀ. ಬಿಡೋದಿಲ್ಲ ನನ್ನ."

"ಅದಕ್ಕೇ ಹೇಳ್ತಿರೋದು. ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೀನಿ. ನಿನ್ನ ಕಪಾಟು ಬಂದಿದೆ. ಇನ್ನೂ ಎಷ್ಟು ದಿನ ನಾನೊಬ್ನೇ ಟೀ ಮಾಡ್ಕೊಂಡು ಗೋಡೆ ಹತ್ರ ಮಾತಾಡ್ಲಿ?"

ಸಹಿ ಹಾಕಿಸಿಕೊಂಡೇ ಬರುತ್ತೇನೆಂದು ಮಾತು ಕೊಟ್ಟಳು.

ಪ್ರಾಂತ್ಯ ಕಚೇರಿಯಿಂದ ಬಂದವಳು ಇಪ್ಪತ್ತಾರರ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಅಧಿಕಾರಿ. ಒಂದೇ ವಾರದಲ್ಲಿ ಐದು ಕಚೇರಿಗಳನ್ನು ವಹಿಸಿಕೊಳ್ಳಬೇಕಿತ್ತು, ಇದು ನಾಲ್ಕನೆಯದು. ದಾಖಲೆ ಕೋಣೆಗೆ ಇದ್ದದ್ದು ತಂತಿಬಲೆ ಹೊಡೆದ ಒಂದೇ ಕಿಟಕಿ. ಎರಡೂ ಕಡೆ ಸೂರಿನ ತನಕ ಕಬ್ಬಿಣದ ಕಪಾಟು, ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ದಾರಿ. ಹುಡುಗಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು.

"ಅಮ್ಮಾ, ಇದನ್ನೆಲ್ಲ ಎಣಿಸೋಕೆ ಕೂತ್ರೆ ನಾಲ್ಕು ದಿನ ಬೇಕು. ನೀವು ಮೂವತ್ತು ವರ್ಷ ನೋಡ್ಕೊಂಡಿದ್ದೀರಿ. ಎಲ್ಲಾ ಇದೆ ತಾನೆ?"

ಕೇಳಬಹುದೆಂದು ಹೆದರಿದ್ದ ಪ್ರಶ್ನೆ ಉತ್ತರವನ್ನೂ ಕೈಯಲ್ಲಿ ಹಿಡಿದುಕೊಂಡೇ ಬಂದಿತ್ತು. "ಹೂಂ" ಎಂದರೆ ಸಾಕಿತ್ತು. ಬೀಗದಮ್ಮ ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಪಟ್ಟಿಯನ್ನು ಮುಂದಿಟ್ಟಳು. ಹುಡುಗಿ ಒಂದೊಂದಾಗಿ "ಇದೆ", "ಇದೆ" ಎಂದು ಬರೆಯುತ್ತ ಹೋದಳು. ದುಂಡನೆಯ ಅಕ್ಷರ, ಶಾಲೆಯ ಮಕ್ಕಳ ಬರಹದ ಹಾಗೆ.

"ನಿಮ್ಮೂರು ಯಾವ ಕಡೆ ಮೇಡಂ?" ಸುಮ್ಮನಿರಲಾರದೆ ಬೀಗದಮ್ಮ ಕೇಳಿದಳು.

"ತುಂಬಾ ದೂರ ಅಮ್ಮಾ. ಇಲ್ಲಿ ಬಾಡಿಗೆ ಕೋಣೆ. ನಮ್ಮನೆಯವರು ಅಲ್ಲೇ ಮೇಷ್ಟ್ರು. ಇದು ಗಲಾಟೆ ಇಲ್ದೆ ಮುಗಿದ್ರೆ ಅಲ್ಲಿಗೇ ವರ್ಗ ಮಾಡ್ತೀವಿ ಅಂದಿದ್ದಾರೆ. ಎರಡು ತಿಂಗಳಾಯ್ತು ಅವರ ಮುಖ ನೋಡಿ."

ಅವಳು ನೂರ ಹದಿನೈದಕ್ಕೆ ಬಂದಿದ್ದಳು. ನೂರಿಪ್ಪತ್ತು, ನೂರಿಪ್ಪತ್ತೊಂದು. ಬೀಗದಮ್ಮ ಆ ದುಂಡನೆಯ ಅಕ್ಷರಗಳನ್ನೇ ನೋಡುತ್ತಿದ್ದಳು. ಈ ಪಟ್ಟಿ ಹಿಡಿದು ಮುಂದೊಂದು ದಿನ ಯಾರೋ ಪುಸ್ತಕಗಳನ್ನು ಎಣಿಸಿ ನೋಡುತ್ತಾರೆ, ನಂಗ್ಯಾಕೆ ಎಂದು ಕೈಮುಗಿದು ಹೋಗುತ್ತಾರೆ, ಆ ಮೇಷ್ಟ್ರು ಅಲ್ಲೊಂದು ಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಾರೆ. ಗಾರೆಯವನು ಈ ಹುಡುಗಿಯ ಮೇಜಿನ ಮುಂದೂ ಹೋಗಿ ನಿಲ್ಲುತ್ತಾನೆ. ಅವನ ಆಯಸ್ಸಿದ್ದರೆ.

"ನೂರಿಪ್ಪತ್ತೇಳು," ಎಂದು ಹುಡುಗಿ "ಇ" ಬರೆದಳು.

"ಇಲ್ಲ," ಎಂದಳು ಬೀಗದಮ್ಮ.

"ಏನು?"

"ಆ ಪುಸ್ತಕ ಇಲ್ಲ ತಾಯಿ. ಯಾವತ್ತೂ ಇರ್ಲಿಲ್ಲ. 'ಇ' ಬರೆದಿದ್ದೀಯಲ್ಲ, ಮುಂದೆ 'ಲ್ಲ' ಸೇರಿಸು."

ಮೇಡಂ ಅನ್ನುವುದನ್ನು ಅವಳು ಮರೆತಿದ್ದಳು. ಹುಡುಗಿ ಪೆನ್ನು ಹಿಡಿದುಕೊಂಡು ಎದ್ದು ನಿಂತಳು, ಮತ್ತೆ ಕುಳಿತಳು.

"ಅಮ್ಮಾ, ಹಾಗೆ ಬರೆದ್ರೆ ನಿಮಗೇನಾಗುತ್ತೆ ಗೊತ್ತಾ?"

"ಗೊತ್ತು. ಬರೆಯದೇ ಇದ್ರೆ ನಿನಗೇನಾಗುತ್ತೆ ಅನ್ನೋದು ಇನ್ನೂ ಚೆನ್ನಾಗಿ ಗೊತ್ತು."

ಅವರಿಬ್ಬರೂ ಬಾಗಿಲು ತೆರೆದಿಟ್ಟು ಮೊದಲಿಂದ ಎಣಿಸಿದರು. ಮೂರೂವರೆ ದಿನ ಹಿಡಿಯಿತು. ಪಟ್ಟಿಯ ಕೊನೆಗೆ ಬೀಗದಮ್ಮ ಹಿರಿಯ ಗುಮಾಸ್ತರು ಹೇಳಿದ್ದನ್ನೂ ತಾನು ಮಾಡಿದ್ದನ್ನೂ ಬಿಡದೆ ಬರೆದು ಸಹಿ ಹಾಕಿದಳು. ಬೀಗದ ಕೈಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಾಗ ಹಗುರವೆನಿಸಬಹುದೆಂದು ಅಂದುಕೊಂಡಿದ್ದಳು. ಹಾಗೇನೂ ಅನ್ನಿಸಲಿಲ್ಲ. ದಾರ ಉಜ್ಜಿದ ಜಾಗ ತುರಿಸಿತು, ಅಷ್ಟೇ.

ತಿಂಗಳ ಕೊನೆಗೆ ಬೋರ್ಡು ಇಳಿಸಿದರು. ಅವಳಿಗೆ ಬಂದ ಆದೇಶದಲ್ಲಿ ನಿವೃತ್ತಿ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ನೂರ ಇಪ್ಪತ್ತೇಳನೆಯ ಪುಸ್ತಕದ ವಿಚಾರಣೆ ಮುಗಿಯುವವರೆಗೆ ಊರು ಬಿಡಕೂಡದು, ಪ್ರತಿ ಮಂಗಳವಾರ ಪ್ರಾಂತ್ಯ ಕಚೇರಿಯಲ್ಲಿ ಹಾಜರಾಗಬೇಕು.

ಗಂಡ ಫೋನಿನಲ್ಲಿ ಆ ಸಾಲನ್ನು ಎರಡು ಸಲ ಓದಿಸಿದ. ಆಮೇಲೆ, "ನಿನ್ನ ತಲೆಗೆ ಏನಾಗಿದೆ?" ಎಂದು ಇಟ್ಟುಬಿಟ್ಟ. ಹತ್ತು ದಿನ ಎತ್ತಲೂ ಇಲ್ಲ.

ಪ್ರಾಂತ್ಯ ಕಚೇರಿಯ ಮೂರನೆಯ ಮಹಡಿಯಲ್ಲಿ ಉದ್ದನೆಯ ಪಡಸಾಲೆ, ಗೋಡೆಗಂಟಿದ ಬೆಂಚು. ಮಂಗಳವಾರಗಳಂದು ಹತ್ತರಿಂದ ಐದರವರೆಗೆ ಬೀಗದಮ್ಮ ಅಲ್ಲಿ ಕುಳಿತಳು. ಮೊದಲ ತಿಂಗಳು ಫೈಲು ಸಿಗಲಿಲ್ಲ. ಎರಡನೆಯ ತಿಂಗಳು ವಿಚಾರಣಾಧಿಕಾರಿಗೆ ವರ್ಗವಾಯಿತು. ಮೂರನೆಯ ತಿಂಗಳು ಹಿರಿಯ ಗುಮಾಸ್ತರ ಹೇಳಿಕೆ ಬೇಕೆಂದರು. ಅದನ್ನು ಪಡೆಯಲು ಜವಾನ ಹೋದಾಗ ಅವರು ತೀರಿಕೊಂಡು ನಾಲ್ಕು ದಿನವಾಗಿತ್ತು. ಸತ್ತವರ ಹೇಳಿಕೆ ಯಾವ ವಿಭಾಗ ಪಡೆಯಬೇಕೆಂಬ ಪ್ರಶ್ನೆಗೆ ಫೈಲು ಮತ್ತೊಂದು ಮಹಡಿಗೆ ಹೋಯಿತು.

ಆ ಹುಡುಗಿಗೆ ವರ್ಗ ಸಿಗಲಿಲ್ಲ, ಗಲಾಟೆ ಎಬ್ಬಿಸಿದವಳೆಂಬ ಹೆಸರು ಸಿಕ್ಕಿತು. ಆದರೂ ಮಂಗಳವಾರ ಮಧ್ಯಾಹ್ನ ಬೆಂಚಿಗೆ ಬಂದು, "ಊಟ ಆಯ್ತಾ ಅಮ್ಮಾ?" ಎಂದು ಕೇಳಿ ಹೋಗುತ್ತಿದ್ದಳು. ಗಾರೆಯವನಿಗೆ ಬೇಕಿದ್ದ ಸಾಲನ್ನು ಮೊದಲ ವಾರವೇ ಬರೆದು ಮುದ್ರೆ ಒತ್ತಿದ್ದು ಅವಳೇ. ಅವನು ಇಬ್ಬರು ಮುದುಕಿಯರನ್ನು ಸಾಕ್ಷಿಗೆ ಹಿಡಿದು ಕೋರ್ಟಿಗೆ ಹೋದ. ಐದನೆಯ ತಿಂಗಳು ಅವನಿಗೆ ಪಾಸ್‌ಪೋರ್ಟು ಬಂತು. ತೋರಿಸಲು ಬೆಂಚಿನ ತನಕ ಬಂದ.

"ನಿಮ್ಮಿಂದ ಆಯ್ತು ಅಕ್ಕಾ."

"ಹನ್ನೊಂದು ವರ್ಷ ಆಗದೇ ಇದ್ದದ್ದೂ ನನ್ನಿಂದಲೇ ಅಪ್ಪಾ. ಹೋಗಿ ಬಾ. ಮೊಮ್ಮಕ್ಕಳು ಕಾಯ್ತಿರ್ತಾರೆ."

ಅವನು ಮೆಟ್ಟಿಲಿಳಿಯುವ ಸದ್ದು ಕೆಳಗಿನ ತನಕ ಕೇಳಿಸಿತು. ಅವಳಿಗೆ ಸಂತೋಷವಾಯಿತು. ಅದರ ಹಿಂದೆಯೇ, ಮುಚ್ಚುಮರೆ ಯಾಕೆ, ಹೊಟ್ಟೆಕಿಚ್ಚೂ ಆಯಿತು.

ಗಂಡ ಬಂದದ್ದು ಆರನೆಯ ತಿಂಗಳು, ಹೇಳದೆ ಕೇಳದೆ. ಬಾಗಿಲು ತೆರೆದರೆ ಎರಡು ಚೀಲ, ಒಂದು ಸ್ಟವ್ ಹಿಡಿದುಕೊಂಡು ನಿಂತಿದ್ದ. ಎರಡು ದಿನ ಮನೆ ರಿಪೇರಿಯಲ್ಲೇ ಕಳೆದ. ಅವಳ ಬಾಡಿಗೆ ಮನೆಯ ಸೋರುವ ನಲ್ಲಿಯನ್ನು ಬಿಚ್ಚಿ ಸರಿಮಾಡಿದ, ಕುಂಟುತ್ತಿದ್ದ ಮಂಚದ ಕಾಲಿಗೆ ಹಲಗೆ ಬಡಿದ. ಮೂರನೆಯ ದಿನ ಮಂಗಳವಾರ. ಅವಳು ಹೊರಟಾಗ ಅವನೂ ಚಪ್ಪಲಿ ಮೆಟ್ಟಿದ.

"ನೀವ್ಯಾಕೆ ರೀ? ದಿನವಿಡೀ ಕೂರ್ಬೇಕು ಅಲ್ಲಿ."

"ಅಲ್ಲಿ ಒಬ್ನೇ ಕೂತು ಕಾಯೋದಕ್ಕಿಂತ ಇಲ್ಲಿ ಇಬ್ರು ಕೂರೋದು ವಾಸಿ. ನಡಿ."

ಇಬ್ಬರೂ ಬೆಂಚಿನ ಮೇಲೆ ಕುಳಿತರು. ನಾಲ್ಕೂವರೆಗೆ ಜವಾನ ಬಂದು, ಪ್ರಾಂತ್ಯ ಕಚೇರಿಯನ್ನೇ ಎರಡು ಭಾಗ ಮಾಡುತ್ತಾರಂತೆ, ಅವಳ ಫೈಲು ಯಾವ ಭಾಗಕ್ಕೆ ಬರುತ್ತದೆಂದು ತೀರ್ಮಾನವಾಗುವವರೆಗೆ ಎಲ್ಲ ವಿಚಾರಣೆಗಳೂ ಮುಂದಕ್ಕೆ ಹೋಗಿವೆ ಎಂದು ಹೇಳಿದ. ಹಾಜರಿ ಮಾತ್ರ ತಪ್ಪಿಸಕೂಡದು. ಬೀಗದಮ್ಮ ಹಾಜರಿ ಹಾಳೆಗೆ ಸಹಿ ಹಾಕಿದಳು. ಒಂದು ಸಹಿ ಕಣೇ ಎಂದಿದ್ದ ಗಂಡ ಅವಳ ಭುಜದ ಮೇಲಿಂದ ಬಗ್ಗಿ ಆ ಹಾಳೆಯನ್ನು ಓದಿದ, ಪೂರ್ತಿ, ಮೇಲಿನಿಂದ ಕೆಳಗಿನವರೆಗೆ.