ಹಗುರ ನೀರಿನ ವಿಡಿಯೊ

ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಮಂಡ್ಯದಲ್ಲಿ ಕಿಮೋ ಪಡೆಯುತ್ತಿದ್ದ ಪೂರಿಗಾಲಿಯ ಯಶೋದಮ್ಮನಿಗೆ ಅಕ್ಕನ ಮಗ ಜಯಪ್ರಕಾಶ್ ಬಾಟಲಿ ನೀರು ತಂದುಕೊಡುತ್ತಿದ್ದ. ಡ್ಯೂಟೀರಿಯಂ ಎಂಬ ಭಾರದ ಅಂಶ ತೆಗೆದ ಹಗುರ ನೀರು, ಔಷಧಿಯ ಜೊತೆ ಕುಡಿದರೆ ಗಡ್ಡೆ ಸೊರಗುತ್ತದೆ ಎಂದಿದ್ದ. ಡಾಕ್ಟರನ್ನು ಕೇಳಿದರೆ, "ಸಂಶೋಧನೆ ನಡೀತಿದೆ, ಸಾಬೀತಾಗಿಲ್ಲ. ಕಿಮೋ ಮಾತ್ರ ಬಿಡಬೇಡಿ" ಎಂದರು. ಅಕ್ಕರೆಯಿಂದ ತಂದಿದ್ದಾನಲ್ಲ ಎಂದು ಅವಳು ಕುಡಿಯುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಅವನು ಬಾಟಲಿಯನ್ನು ಅವಳ ಕೈಗಿಟ್ಟು, ವಿಡಿಯೊ ಮಾಡಲು ಮೊಬೈಲ್ ಎತ್ತಿ ಹಿಡಿದ.

"ಸೆರಗ ವಸಿ ಸರ್ಸು ಚಿಕ್ಕವ್ವ, ಗಾಯ ಕಾಣ್ಲಿ. ಆಸ್ಪತ್ರೆ ಬುಟ್ಟು ಈ ನೀರಲ್ಲೇ ವಾಸಿಯಾದೆ ಅನ್ನು, ನೋಡ್ದೋರು ಕೊಂಡ್ಕತಾರೆ. ಬೆಳಕವಾಡಿ ವೀಣನೂ ಕಿಮೋ ಬುಟ್ಟು ಇದ್ನೇ ಕುಡೀತಾವ್ಳೆ."

ವೀಣ ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು. ಯಶೋದಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು. ಕಿಮೋದ ವಾಂತಿಯಲ್ಲೂ ಇಷ್ಟು ಹೇಸಿಗೆ ಅನ್ನಿಸಿರಲಿಲ್ಲ. ತಾನು ಎತ್ತಿ ಆಡಿಸಿದ ಕೂಸು ಇವನೇನಾ?

"ಥೂ! ನನ್ ಎದೆ ಗಾಯ ತೋರ್ಸಿ ಯಾಪಾರ ಮಾಡೀಯೇನ್ಲಾ? ಎದ್ದೋಗು!"

"ಸುಮ್ನೆ ಎರಡು ಮಾತು ಏಳವ್ವ" ಎನ್ನುತ್ತ ಅವನು ಮೊಬೈಲ್ ಇಳಿಸಲಿಲ್ಲ. ಅವಳು ಬಾಟಲಿಗಳನ್ನೆಲ್ಲ ಬೀದಿಗೆಸೆದು, ಅವನನ್ನೂ ದಬ್ಬಿ ಬಾಗಿಲು ಹಾಕಿದಳು. ಕೂಡಲೇ ವೀಣಳಿಗೆ ಫೋನು ಮಾಡಿದಳು.

"ನಾನು ಆಸ್ಪತ್ರೆ ಬುಟ್ಟಿಲ್ಲ ಕಣಮ್ಮ. ನಾಳೆ ಓಯ್ತೀನಿ, ನೀನೂ ಬಾ."

ಮರುದಿನ ಬಸ್ಸಿನಲ್ಲಿ ವೀಣ ತಲೆ ತಗ್ಗಿಸಿ ಪಿಸುಗುಟ್ಟಿದಳು: "ನಂಗೂ ಗಾಯ ತೋರ್ಸು ಅಂದ ಕಣಕ್ಕ. ತೋರ್ಸಿಬುಟ್ಟೆ, ವಿಡಿಯೊ ಮಾಡ್ಕಂಡ."

ಯಶೋದಮ್ಮ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಮೊದ್ಲು ಆಸ್ಪತ್ರೆಗೋಗಣ. ಆಮೇಲೆ ಪೊಲೀಸ್ ಸ್ಟೇಸನ್ನಿಗೆ. ನಮ್ಮಕ್ಕನ ಮಗ ಅಂತ ಸುಮ್ನಿರಾಕಿಲ್ಲ."