ಚೀಲದೊಳಗಿನ ಸ್ವಿಚ್

ಮಹಾಂತೇಶ ಸಾಲು ಕಿಂಡಿಗಳಿದ್ದ ಆ ಹಳೆಯ ನೆಟ್‌ವರ್ಕ್ ಸ್ವಿಚ್ಚಿನ ಡಬ್ಬಿಯನ್ನು ವಾಯರುಗಳ ಸಮೇತ ಯೂರಿಯಾ ಚೀಲಕ್ಕೆ ತುರುಕಿ, ಬಾಯಿಗೆ ಸುತಳಿ ಬಿಗಿದ.

"ನಾಳಿ ಗುಜರಿಯಂವ ಬರ್ತಾನ. ಅವಂಗ ಕೊಟ್ಟು ಕಳಸ್ತೇನಿ."

"ಮುಟ್ಟಬ್ಯಾಡ್ರಿ ಅದನ್ನ. ಸೋಮವಾರ ಪರೀಕ್ಷಾ ಐತಿ ನಂದು," ಎಂದಳು ದೀಪಾ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

"ಪರೀಕ್ಷಾಕ್ಕ ಓದೂದು ಬಿಟ್ಟು ಮನಿ ನೆಟ್ ಕೆಡಿಸಿ ಕುಂತಿ. ನಿನ್ನಿ ಮ್ಯಾಚಿನ ಕಡೀ ಓವರ್ ಹೋತು!"

"ಬೇಕಂತನ ಕೆಡಿಸಿದ್ನಿ. ಎಲ್ಲಿ ಕೆಟ್ಟೈತಿ ಅಂತ ಹುಡುಕಿ ಕಲಿಯಾಕ."

"ಮುನ್ನೂರ ಇಪ್ಪತ್ತು ಪ್ರಶ್ನಿ, ಉತ್ರ ಸಮೇತ ಝೆರಾಕ್ಸ್ ಮಾಡಿ ಕೊಟ್ಟೇನಿ. ಬಾಯಿಪಾಠ ಮಾಡು, ಹೋಗಿ ಕಂಪ್ಯೂಟರಿನಾಗ ಉತ್ರ ಒತ್ತು, ಎದ್ದು ಬಾ. ನಾ ಪಾಸಾಗಿಲ್ಲೇನು?"

"ನೀವಾದ್ರಿ. ನಾ ಅದನ್ನ ಓದೇ ಫೇಲಾದ್ನಿ."

"ಅದಕ್ಕೂ ತಲಿ ಬೇಕು."

ಗೋಕಾಕದ ಒಂದು ಇಂಟರ್ನೆಟ್ ಕಂಪನಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ನೆಟ್‌ವರ್ಕ್ ಪರೀಕ್ಷೆಯ ಸರ್ಟಿಫಿಕೇಟ್ ಬಂದ ಮೇಲೆ ಮಹಾಂತೇಶ ಇಂಜಿನಿಯರಾಗಿದ್ದ. ದೀಪಾ ಇನ್ನೂ ದೂರಿನ ಫೋನು ಎತ್ತುತ್ತಿದ್ದಳು. ಮೂಡಲಗಿ ಕಡೆಗೆ ಇನ್ನೊಬ್ಬರು ಇಂಜಿನಿಯರ್ ಬೇಕಾಗಿತ್ತು. ಪರೀಕ್ಷೆಗೆ ಎರಡೇ ಸಲ ಎಂದಿದ್ದರು ಮಾಲಕರು. ಈ ಸಲವೂ ಹೋದರೆ ಫೋನಿನ ಕುರ್ಚಿಗೂ ಬೇರೆಯವರು.

ಅಷ್ಟರಲ್ಲಿ ಕುಲಗೋಡದ ಹಾಲಿನ ಡೇರಿಯಿಂದ ಫೋನ್ ಬಂತು. ನೆಟ್ ಸತ್ತಿತ್ತು, ಸಂಜೆಯ ಹಾಲು ನಿಂತಿತ್ತು. ಏಣಿ ಹಿಡಿಯುವ ಆಳು ಅಂದು ರಜೆ.

"ಏಳು. ಏಣಿ ಹಿಡ್ಯಾಕರ ಬರ್ತೈತೇನು ನಿನಗ?"

ಡೇರಿಯಲ್ಲಿ ಕ್ಯಾನುಗಳ ಸಾಲು ರಸ್ತೆಯವರೆಗೂ ಬಂದಿತ್ತು. ತೂಕದ ಕಂಪ್ಯೂಟರ್, ಫ್ಯಾಟ್ ನೋಡುವ ಯಂತ್ರ ಎರಡೂ ಸುಮ್ಮನಿದ್ದವು. ಮಹಾಂತೇಶ ಎಲ್ಲವನ್ನೂ ಬಂದ್ ಮಾಡಿ ಚಾಲೂ ಮಾಡಿದ. ಆಮೇಲೆ ಏಣಿ ಹತ್ತಿ ಮಾಳಿಗೆಯ ವಾಯರ್ ಕತ್ತರಿಸಿ ಹೊಸದು ಜೋಡಿಸಿದ. ಆದರೂ ನೆಟ್ ಬರಲಿಲ್ಲ.

"ಮಾಂತೇಶಣ್ಣ, ಹಾಲು ಒಡದ ಮ್ಯಾಲ ಮುಗಸ್ತಿ ಏನಪಾ?" ಸಾಲಿನಿಂದ ಯಾರೋ ಕೂಗಿದರು. "ಪನೀರ್ ಮಾಡೋಣ ಬಿಡು!" ಎಂದಿತು ಇನ್ನೊಂದು ದನಿ.

ಏಣಿ ಹಿಡಿದು ನಿಂತ ದೀಪಾಳ ಕಣ್ಣೆದುರಿಗೇ ಗೋಡೆಯ ಮೇಲೆ ಡೇರಿಯ ಸ್ವಿಚ್ ಇತ್ತು. ಅದರ ನೆತ್ತಿಗೆ ಹಸಿ ಕುಂಕುಮ. ಕೆಳಗೆ ಹಸಿರು ದೀಪಗಳು ಒಂದನ್ನೊಂದು ಕಾಯದೆ ಎಲ್ಲವೂ ಒಮ್ಮೆಗೇ ಮಿಟುಕುತ್ತಿದ್ದವು. ನಿನ್ನೆ ಬೇಕಂತಲೇ ಕೆಡಿಸಿದಾಗ ತನ್ನ ಮನೆಯ ಸ್ವಿಚ್ಚಿನಲ್ಲೂ ಹೀಗೇ ಮಿಟುಕಿದ್ದವು.

"ಶೆಟ್ಟೆಪ್ಪ ಕಾಕಾ, ಇವತ್ತ ಇಲ್ಲಿ ಯಾರ್ ಸ್ವಚ್ಛ ಮಾಡಿದ್ರಿ?"

"ನಾನ ಯವ್ವಾ," ಎಂದ ಡೇರಿಯ ಸಿಪಾಯಿ ಶೆಟ್ಟೆಪ್ಪ. "ಇವತ್ತ ಅಮಾಸಿ ಅಲ್ಲ? ಯಂತ್ರಕ್ಕ ಪೂಜಿ ಮಾಡ್ಬೇಕು. ಒಂದು ವಾಯರಿನ ಬಾಯಿ ನೆಲಕ್ಕ ಬಿದ್ದಿತ್ತು, ಕಾಲಾಗ ತುಳದಾರು ಅಂತ ಖಾಲಿ ಕಿಂಡಿಗೆ ಸಿಗಿಸಿದ್ನಿ."

ದೀಪಾ ಒಂದು ಕೈಯಲ್ಲಿ ಏಣಿ ಹಿಡಿದೇ ಇನ್ನೊಂದರಿಂದ ಆ ವಾಯರನ್ನು ಸವರಿಕೊಂಡು ಹೋದಳು. ಅದು ಮೇಜಿನ ಹಿಂದೆ ಇಳಿದು, ತಿರುಗಿ ಮೇಲೆ ಬಂದು, ಅದೇ ಸ್ವಿಚ್ಚಿನ ಇನ್ನೊಂದು ಕಿಂಡಿಗೆ ಸೇರಿತ್ತು. ಹೊರಗೆ ಹೋಗಬೇಕಾದದ್ದೆಲ್ಲ ಒಳಗೇ ಗಿರಕಿ ಹೊಡೆಯುತ್ತಿತ್ತು. ಒಂದು ತುದಿ ಕಿತ್ತಳು. ದೀಪಗಳು ಒಂದೊಂದಾಗಿ ತಣ್ಣಗಾದವು. ತೂಕದ ಕಂಪ್ಯೂಟರ್ ಕುಂಯ್ ಎಂದಿತು.

"ಭಪ್ಪರೆ, ಏಣಿ ಹಿಡಿಯಾಕ ಬಂದಾಕಿ ಮಾಡಿದ್ಲಲ್ಲೋ!" ಎಂದಿತು ಸಾಲಿನ ಒಂದು ದನಿ.

ಮಹಾಂತೇಶ ಏಣಿಯ ಮೇಲಿಂದಲೇ ಮಾಲಕರಿಗೆ ಫೋನ್ ಹಚ್ಚಿದ. "ಆತ್ರಿ ಸರ್. ಮ್ಯಾಲಿನ ವಾಯರ್ ಹೋಗಿತ್ರಿ. ಬದಲಿ ಮಾಡೇನಿ."

ದೀಪಾ ಮೇಲೆ ನೋಡಿದಳು. ಏಣಿಯಿಂದ ಕೈ ತೆಗೆದು, ಹೊರಗೆ ಬೈಕಿನ ಬಳಿ ಹೋಗಿ ನಿಂತಳು. ಮನೆಗೆ ಬಂದವನೇ ಅವನು ಝೆರಾಕ್ಸ್ ಕಟ್ಟನ್ನು ಅವಳ ದಿಂಬಿನ ಮೇಲೆ ಎಸೆದ. "ಕಣ್ಣಿಗೆ ಬಿದ್ದಿದ್ದಕ್ಕ ಜಾಣಿ ಆಗಬ್ಯಾಡ."

ಮರುದಿನ ನಸುಕಿನಲ್ಲಿ ನಳ ಬಂದಿರಬೇಕೆಂದು ದೀಪಾ ಎದ್ದಳು. ಪಡಸಾಲೆಯಲ್ಲಿ ಯೂರಿಯಾ ಚೀಲ ಬಾಯಿ ಬಿಚ್ಚಿ ಬಿದ್ದಿತ್ತು. ಮಹಾಂತೇಶ ಸ್ವಿಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ವಾಯರಿನ ಒಂದು ತುದಿ ಹಾಕಿ, ಇನ್ನೊಂದನ್ನೂ ಅದಕ್ಕೇ ಹಾಕಿ, ಕಿತ್ತು, ಮತ್ತೆ ಹಾಕುತ್ತಿದ್ದ. ಹೆಜ್ಜೆಯ ಸಪ್ಪಳಕ್ಕೆ ತಟ್ಟನೆ ಕಿತ್ತ.

"ಗುಜರಿಗೆ ಹಾಕೂ ಮೊದ್ಲ ಜೀವ ಐತೋ ಇಲ್ಲೋ ನೋಡಾಕತ್ತೇನಿ. ಏನ್ ನೋಡ್ತಿ? ನೀರ್ ಹಿಡಿ ಹೋಗು."

ದೀಪಾ ಕೊಡ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಕತ್ತಲ ಪಡಸಾಲೆಯ ಗೋಡೆಯ ಮೇಲೆ ಹಸಿರು ಬೆಳಕು ಮತ್ತೆ ಪಟಪಟ ಮಿಟುಕತೊಡಗಿತು.