ಜರಡಿ ನಿಂತ ಮೇಲೆ

"ಇದೊಂದು ಯಾಕೆ ಹಾಗೇ ಉಳ್ಕೊಂಡಿದೆ?" ಹೊಸ ಮ್ಯಾನೇಜರ್ ಅವಳ ಪರದೆಯ ಮೇಲೆ ಬೆರಳಿಟ್ಟ.

ಕಪ್ಪು ಪರದೆಯಲ್ಲಿ ಸಾಲುಗಳು ಓಡಿ ಓಡಿ ಆಗಷ್ಟೇ ನಿಂತಿದ್ದವು. ಪ್ರೋಗ್ರಾಮರ್‌ಗಳ ಮೆಷಿನ್‌ಗಳಲ್ಲಿರುವ ಟೂಲ್‌ಗಳನ್ನೆಲ್ಲ ವಾರಕ್ಕೊಮ್ಮೆ ಅಪ್‌ಡೇಟ್ ಮಾಡುವುದು ಅವಳ ಕೆಲಸ. ತನ್ನ ಜಾಗದಲ್ಲೇ ಕೂತು ಒಂದು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಇಡೀ ಆಫೀಸಿಗೆ ಹೋಗುತ್ತಿತ್ತು. ಸರಿಯಾದರೆ ಯಾರ ಕಣ್ಣಿಗೂ ಬೀಳದ ಕೆಲಸ. ಕೆಟ್ಟರೆ ಮಾತ್ರ ಎಲ್ಲರ ಬಾಯಿಗೂ ಆಹಾರ. ಪ್ರತಿ ಸಲವೂ ಕೊನೆಯ ಸಾಲು ಒಂದೇ ಮಾತು ಹೇಳುತ್ತಿತ್ತು: ಒಂದು ಟೂಲನ್ನು ತಡೆಹಿಡಿಯಲಾಗಿದೆ, ಉಳಿದದ್ದೆಲ್ಲ ಹೊಸದಾಗಿದೆ.

"ಅದನ್ನ ಹೊಸದು ಮಾಡಿದ್ರೆ ಜರಡಿ ಓಡಲ್ಲ ಸರ್."

"ಜರಡಿ ಅಂದ್ರೆ?"

ಆಗಲೇ ಅವಳಿಗೆ ಹೊಳೆಯಬೇಕಿತ್ತು. ಬಂದು ಇಷ್ಟು ದಿನವಾದರೂ ಮ್ಯಾನೇಜರ್ ಕಿವಿಗೆ ಅದರ ಹೆಸರೇ ಬಿದ್ದಿಲ್ಲವೆಂದರೆ ಏನರ್ಥ? ಆದರೆ ಮನೆಯವರ ವಿಷಯ ಬಂದಾಗ ಎಂಥವರ ತಲೆಗೂ ಮಂಕು ಕವಿಯುತ್ತದೆ.

ಜರಡಿ ಎನ್ನುವುದು ಅವಳ ಚಿಕ್ಕಪ್ಪ ಬರೆದ ಪ್ರೋಗ್ರಾಂ. ಯಾರೇ ಕೋಡ್ ಬರೆಯಲಿ, ಕ್ಲೈಂಟ್‌ಗೆ ಕಳಿಸುವ ಮುಂಚೆ ಅದರಲ್ಲಿ ಹಾಕಿ ಸೋಸಬೇಕು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚಿಕ್ಕಪ್ಪನಿಗೆ ನಿವೃತ್ತಿಯ ವಯಸ್ಸು ದಾಟಿದ ಮೇಲೂ ಹಳೆಯ ಮ್ಯಾನೇಜರ್ ಅವರನ್ನು ವರ್ಷ ವರ್ಷ ಮುಂದುವರಿಸಿಕೊಂಡು ಬಂದದ್ದು ಅದನ್ನು ನೋಡಿಕೊಳ್ಳಲಿ ಎಂದೇ. ಅದು ಓಡುತ್ತಿದ್ದದ್ದು ಈ ಹಳೆಯ ಟೂಲಿನ ಮೇಲೆ ಮಾತ್ರ. ಹಾಗಾಗಿ ಅದೊಂದನ್ನು ಯಾವ ಅಪ್‌ಡೇಟೂ ಮುಟ್ಟದಂತೆ ಅವಳು ಬೀಗ ಹಾಕಿಟ್ಟಿದ್ದಳು.

"ಹಳೇದ್ರಲ್ಲಿ ಸೆಕ್ಯೂರಿಟಿ ತೊಂದರೆ ಇದೆ, ಕ್ಲೈಂಟ್ ಒಪ್ಪಲ್ಲ. ನಾಳೆ ಬೀಗ ತೆಗೆದುಬಿಡಿ," ಎಂದು ಅವನು ಮೆತ್ತಗೆ ಹೇಳಿ ಹೋದ. ಒರಟಾಗಿ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಚಿಕ್ಕಪ್ಪ ಚಿಕ್ಕಮ್ಮ. ಬೇರೆ ಮಕ್ಕಳು ಗೊಂಬೆ ಹಿಡಿಯುವ ವಯಸ್ಸಿನಲ್ಲಿ ಚಿಕ್ಕಪ್ಪ ಇವಳ ಕೈಗೆ ಕೀಬೋರ್ಡ್ ಕೊಟ್ಟಿದ್ದರು. "ಕೊನೇ ಸಾಲು ಓದದೆ ಕುರ್ಚಿ ಬಿಟ್ಟು ಏಳಬೇಡ ಪುಟ್ಟಿ. ಮೆಷಿನ್ ನಿಜ ಹೇಳೋದು ಅಲ್ಲೇ," ಎನ್ನುತ್ತಿದ್ದರು. ಅವರ ಆಫೀಸಿಗೇ ಅವಳು ಸೇರಿದಾಗ ಇನ್ನೊಂದು ನಿಯಮ ಬಂತು: ಗೇಟಿನ ಒಳಗೆ ಅವರು ಸರ್, ಇವಳು ಮೇಡಂ. ಸಂಜೆ ಗೇಟು ದಾಟಿದರೆ ಮತ್ತೆ ಪುಟ್ಟಿ. ಒಮ್ಮೆ ಕ್ಯಾಂಟೀನಿನಲ್ಲಿ ಬಾಯಿತಪ್ಪಿ "ಚಿಕ್ಕಪ್ಪಾ" ಎಂದು ಕೂಗಿದಾಗ ತಿರುಗಿಯೂ ನೋಡದೆ ಹೋಗಿದ್ದರು. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ಸಂಜೆ ಬಸ್‌ಸ್ಟಾಪಿನಲ್ಲಿ ಅವಳು ವಿಷಯ ತೆಗೆದಾಗಲೂ ಅವರು ನಕ್ಕರು.

"ತೆಗಿ ಬೀಗ. ನಾನೇ ಹೇಳ್ತಿದೀನಲ್ಲ."

"ಜರಡಿ ನಿಂತುಹೋಗುತ್ತೆ ಚಿಕ್ಕಪ್ಪ."

"ನಿಲ್ಲಲಿ ಬಿಡು. ಬೆಳಿಗ್ಗೆ ನಿಂತ್ರೆ ಮಧ್ಯಾಹ್ನದೊಳಗೆ ಎಲ್ಲ ನನ್ನ ಟೇಬಲ್ ಹತ್ರ ಕ್ಯೂ ಹಚ್ಚಿರ್ತಾರೆ. ನಿಮ್ಮ ಮ್ಯಾನೇಜರ್ ಮೊದಲು ನಿಂತಿರ್ತಾನೆ ನೋಡು. ಜರಡಿ ಅಂದ್ರೇನು ಅಂತ ಆಗ ಹೇಳ್ತೀನಿ ಅವನಿಗೆ."

ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬಂದವರು ಕೂರಲೆಂದು ಎಲ್ಲಿಂದಲೋ ಒಂದು ಕುರ್ಚಿ ಎಳೆದು ಪಕ್ಕದಲ್ಲಿಟ್ಟುಕೊಂಡರು. ಅವಳು ಬೀಗ ತೆಗೆದು ಕಮಾಂಡ್ ಕೊಟ್ಟಳು. ಎಲ್ಲ ಟೂಲ್‌ಗಳೂ ಹೊಸದಾಗಿವೆ ಎಂದಿತು ಕೊನೆಯ ಸಾಲು. ಅವಳು ಕೆಲಸಕ್ಕೆ ಸೇರಿದಂದಿನಿಂದ ಆ ಸಾಲನ್ನು ಕಂಡಿರಲಿಲ್ಲ.

ಮಧ್ಯಾಹ್ನವಾಯಿತು. ಫೋನ್ ಸದ್ದಾದಾಗ ಚಿಕ್ಕಪ್ಪ ತಕ್ಷಣ ಕೈ ಚಾಚಲಿಲ್ಲ, ಗತ್ತು ಬಿಡಬಾರದಲ್ಲ. ಕೊನೆಗೆ ನೋಡಿದರೆ ಅದು ಪಕ್ಕದ ಟೇಬಲ್ಲಿನ ಫೋನು. ಊಟದ ನಂತರ ಒಬ್ಬ ಅವರ ಬಳಿಗೇ ಬಂದ. ಇವರು ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಈ ಕುರ್ಚಿ ಖಾಲಿನಾ ಸರ್?" ಎಂದು ಕೇಳಿ ಅವನು ಅದನ್ನು ಎತ್ತಿಕೊಂಡು ಹೋದ.

ದೂರದಿಂದ ನೋಡುತ್ತಿದ್ದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು, ಕ್ಲೈಂಟ್‌ಗಳಿಗೆ ಕೋಡ್ ಕಳಿಸುವ ಹುಡುಗಿಯ ಹತ್ತಿರ ಹೋದಳು.

"ಇವತ್ತು ಜರಡಿ ಎರರ್ ಕೊಡ್ಲಿಲ್ವಾ ನಿನಗೆ?"

"ಅಯ್ಯೋ ಅಕ್ಕ, ಅದನ್ನ ಈಗ ಯಾರು ಓಡಿಸ್ತಾರೆ? ನಾವು ಕೋಡ್ ಬರೆಯೋ ಎಡಿಟರ್ರೇ, ಬರೀತಿರುವಾಗ್ಲೇ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ತೋರಿಸುತ್ತಲ್ಲ. ನೀವೇ ಅಲ್ವಾ ಹೋದ ವರ್ಷ ಅಪ್‌ಡೇಟ್ ಮಾಡಿದ್ದು? ನಿಮ್ಮಿಂದ ಎಷ್ಟು ಉಪಕಾರ ಆಯ್ತು ಗೊತ್ತಾ."

ಆ ಹುಡುಗಿ ಕೆನ್ನೆಗೆ ಎರಡು ಬಿಗಿದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಒಂದಕ್ಕೆ ಬೀಗ ಹಾಕಿ ಕಾದ ಕೈಯೇ ಅದರ ಸುತ್ತಲಿನದನ್ನೆಲ್ಲ ವಾರವಾರ ಹೊಸದು ಮಾಡುತ್ತ ಬಂದಿತ್ತು. ಚಿಕ್ಕಪ್ಪನ ಕೆಲಸಕ್ಕೆ ಕೊಡಲಿ ಇಟ್ಟವಳು ತಾನೇ, ಅದೂ ಶ್ರದ್ಧೆಯಿಂದ. ಯಾರನ್ನು ಬೈಯುವುದು?

ಸಂಜೆ ಗೇಟು ದಾಟಿದ ಮೇಲೆ ಚಿಕ್ಕಪ್ಪ, "ನಿನ್ನ ಹತ್ರ ಯಾರಾದ್ರೂ ಬಂದಿದ್ರಾ ಪುಟ್ಟಿ?" ಎಂದು ಕೇಳಿದರು.

"ಬಂದಿದ್ರು. ತುಂಬಾ ಜನ. ನಿಮ್ಮನ್ನ ಕಾಡಿಸಬೇಡಿ ಅಂತ ನಾನೇ ತಡೆದೆ," ಎಂದುಬಿಟ್ಟಳು.

ಅವರ ಮುಖ ಅರಳಿತು. "ಅದಕ್ಕೇ ಮತ್ತೆ! ನಾನೂ ಅಂದ್ಕೊಂಡೆ, ಇದೇನಪ್ಪಾ ಅಂತ. ಇರಲಿ, ಹೊಸ ಟೂಲ್‌ಗೆ ತಕ್ಕ ಹಾಗೆ ಜರಡೀನ ಮತ್ತೆ ಬರೆದುಬಿಡ್ತೀನಿ. ಸ್ವಲ್ಪ ದಿನ ಸುಧಾರಿಸ್ಕೊಳ್ಳಿ ಅಂತ ಹೇಳು ಅವರಿಗೆಲ್ಲ."

ಅಂದಿನಿಂದ ಅವರಿಗೆ ಊಟದ ಮೇಲೂ ಗಮನವಿಲ್ಲ. ಪರದೆಗೆ ಮೂಗು ತಾಗಿಸಿಕೊಂಡು ಕೂರುವರು, ಕಣ್ಣೊರೆಸಿಕೊಳ್ಳುವರು, ಮತ್ತೆ ಕೂರುವರು. "ನಿಮ್ಮ ಚಿಕ್ಕಪ್ಪನಿಗೆ ಹರೆಯ ತಿರುಗಿ ಬಂದಿದೆ ಕಣೇ," ಎಂದು ಚಿಕ್ಕಮ್ಮ ಬಡಿಸುತ್ತ ನಗುತ್ತಿದ್ದರು. ನಿಜ ಹೇಳಬೇಕೆಂದು ಅವಳು ದಿನಾ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡುವಳು. ಅವರ ಹುರುಪು ನೋಡಿ ನಾಳೆಗೆ ದೂಡುವಳು.

ಹೊಸ ಜರಡಿ ಮುಗಿದ ದಿನ ಅವಳು ಮ್ಯಾನೇಜರ್ ಕೋಣೆಗೆ ಹೋದಳು. "ಎಲ್ಲರ ಮೆಷಿನ್‌ಗೂ ಹಾಕಲಾ ಸರ್?"

"ಯಾರಿಗೂ ಬೇಡದ್ದನ್ನ ಎಲ್ಲರ ಮೆಷಿನ್‌ಗೆ ಯಾಕೆ ತುಂಬ್ತೀರಿ? ಅವರ ಸಮಾಧಾನಕ್ಕೆ ಅವರ ಮೆಷಿನ್‌ಗೊಂದು ಹಾಕಿ. ಹೇಗೂ ಈ ತಿಂಗಳ ಕೊನೆಗೆ ಅವರ ಅವಧಿ ಮುಗಿಯುತ್ತೆ. ಈ ಸಲ ಮುಂದುವರಿಸೋಲ್ಲ ನಾನು." ಈ ಮಾತನ್ನೂ ಅವನು ಮೆತ್ತಗೇ ಹೇಳಿದ.

ಚಿಕ್ಕಪ್ಪ ಊಟಕ್ಕೆ ಹೋದಾಗ ಅವರ ಮೆಷಿನ್‌ಗೆ ಹಾಕಿ ಮುಗಿಸೋಣ ಎಂದುಕೊಂಡಳು. ಆದರೆ ಅವರು ಊಟ ಬಿಟ್ಟು ಬಂದು, ಅವಳ ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತರು. ಅವಳು ಕಮಾಂಡ್ ಟೈಪ್ ಮಾಡಿದಳು. ಎಂಟರ್ ಒತ್ತಿದಳು. ಸಾಲುಗಳು ಓಡಿದವು. ಅವು ನಿಲ್ಲುವ ಮೊದಲೇ ಪರದೆ ಅಳಿಸಲು ಅವಳ ಬೆರಳು ಹೋಯಿತು.

"ತಡೀರಿ ಮೇಡಂ. ಕೊನೇ ಸಾಲು."

ಅವರು ಬಗ್ಗಿದರು. ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದರು. ಒಂದು ಮೆಷಿನ್‌ನಲ್ಲಿ ಹಾಕಲಾಗಿದೆ ಎಂದಿತ್ತು.

"ಒಂದೇನಾ?"

"ಉಳಿದವಕ್ಕೆ ಆಮೇಲೆ, ಸರ್..."

"ನಿಮ್ಮ ಹತ್ರ ಬಂದಿದ್ರಲ್ಲ ಅಷ್ಟು ಜನ, ಅವರಿಗೆ?"

ಅವರು ಇನ್ನೊಮ್ಮೆ ಆ ಸಾಲನ್ನು ನೋಡಿದರು. ಅವಳ ಮುಖ ನೋಡಿದರು. ಆಮೇಲೆ ಕುರ್ಚಿಯ ಮೇಲಿದ್ದ ಕೈಯನ್ನು ತೆಗೆದು, "ಥ್ಯಾಂಕ್ಸ್," ಎಂದು ತಮ್ಮ ಜಾಗಕ್ಕೆ ಹೋದರು.

ಸಂಜೆ ಇಬ್ಬರೂ ಗೇಟು ದಾಟಿದರು. ಬಸ್‌ಸ್ಟಾಪಿನಲ್ಲಿ ಅವಳು, "ಚಿಕ್ಕಪ್ಪ, ನಾನು..." ಎಂದಳು. ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಬಸ್ಸು ಬಂದು ನಿಂತಾಗ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

"ಹತ್ತಿ ಮೇಡಂ," ಎಂದರು.

ಒಳಗೆ ಅವಳ ಪಕ್ಕದ ಸೀಟು ಖಾಲಿಯಿತ್ತು. ಅವರು ಅದನ್ನು ದಾಟಿ ಮುಂದೆ ಹೋಗಿ, ಇಳಿಯುವ ಸ್ಟಾಪ್ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದರು.